ಪವಿತ್ರ ಗ್ರಂಥದ ವಿದ್ಯಾರ್ಥಿ ಸಂತ ಜೆರೋಮ್

ಪ್ರತಿವರ್ಷ ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಚಿತ್ರಪಟಗಳಲ್ಲಿ ಈ ಸಂತರನ್ನು ಗುರುತಿಸುವುದು ಸುಲಭ. ಮುಂದೆ ತೆರೆದಿಟ್ಟ ಗ್ರಂಥ, ಪಕ್ಕದಲ್ಲಿ ಒಂದು ತಲೆಬುರುಡೆ, ಕಾಲಬಳಿ ಮಲಗಿದ ಸಿಂಹ, ಮೂಲೆಯಲ್ಲೆಲ್ಲೋ ಕಾರ್ಡಿನಲರ ಕೆಂಪು ಟೋಪಿ. ಇವುಗಳಲ್ಲಿ ಸಿಂಹದ ಕಥೆ ಪ್ಯಾಲೆಸ್ತೀನಿನ ಮತ್ತೊಬ್ಬ ಮಠವಾಸಿಯಾದ ಸಂತ ಗೆರಾಸಿಮರದು. ಹೆಸರುಗಳ ಹೋಲಿಕೆಯಿಂದ ಅದು ಜೆರೋಮರಿಗೆ ಅಂಟಿಕೊಂಡಿತೆಂದು ವಿದ್ವಾಂಸರ ಅಭಿಪ್ರಾಯ. ಕೆಂಪು ಟೋಪಿಯಂತೂ ಅವರ ಕಾಲದಲ್ಲಿ ಇರಲೇ ಇಲ್ಲ. ಗ್ರಂಥವೊಂದು ಮಾತ್ರ ನಿಸ್ಸಂದೇಹವಾಗಿ ಅವರದು. ಆ ಗ್ರಂಥವನ್ನು ಅವರು ಹೇಗೆ ಓದಿದರು, ಓದು ಅವರನ್ನು ಏನು ಮಾಡಿತು ಎಂಬುದನ್ನು ಇಲ್ಲಿ ಸ್ಮರಿಸಲು ಇಚ್ಛಿಸುತ್ತೇವೆ.

ದಲ್ಮಾತಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಸ್ಟ್ರಿಡೋನ್ ಎಂಬ ಊರಿನಲ್ಲಿ, ಸುಮಾರು ಕ್ರಿ.ಶ. 347ರಲ್ಲಿ, ಸ್ಥಿತಿವಂತ ಕ್ರೈಸ್ತ ಕುಟುಂಬವೊಂದರಲ್ಲಿ ಜೆರೋಮರು ಜನಿಸಿದರು. ಆ ಊರನ್ನು ಮುಂದೆ ಗೋಥ್ ಜನಾಂಗದವರು ನೆಲಸಮಗೊಳಿಸಿದರು. ಹೆಚ್ಚಿನ ವಿದ್ಯಾಭ್ಯಾಸಕ್ಕೆಂದು ತಂದೆ ಮಗನನ್ನು ರೋಮಿಗೆ ಕಳುಹಿಸಿದರು. ಅಂದಿನ ಪ್ರಖ್ಯಾತ ವ್ಯಾಕರಣ ಪಂಡಿತ ದೊನಾತುಸ್ ಅವರ ಗುರು. ವರ್ಜಿಲನ ಕಾವ್ಯ, ಸಿಸೆರೊವಿನ ಭಾಷಣಗಳು ಬಾಲಕನ ನಾಲಗೆಯ ಮೇಲೆ ನಲಿದಾಡಿದವು. ಭಾನುವಾರಗಳಂದು ಗೆಳೆಯರೊಡನೆ ನೆಲದಡಿಯ ಸಮಾಧಿಗುಹೆಗಳಿಗೆ ಇಳಿದು ರಕ್ತಸಾಕ್ಷಿಗಳ ಗೋರಿಗಳನ್ನು ಸಂದರ್ಶಿಸುವುದೂ ಉಂಟು. ಅಂದಿನ ವಾಡಿಕೆಯಂತೆ ಶೈಶವದಲ್ಲಿ ಅಲ್ಲ, ಯೌವನದಲ್ಲಿ, ಅದೇ ನಗರದಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಬಳಿಕ ಕೆಲಕಾಲ ಟ್ರಿಯರ್ ನಗರದಲ್ಲಿಯೂ ಅಕ್ವಿಲೇಯದಲ್ಲಿಯೂ ಇದ್ದು, ಲೌಕಿಕ ಉದ್ಯೋಗದ ಆಸೆ ತೊರೆದು, ಸುಮಾರು 373ರಲ್ಲಿ ಪೂರ್ವದೇಶಗಳತ್ತ ಹೊರಟರು. ಮನೆ, ಬಂಧುಬಳಗ, ರುಚಿಯಾದ ಊಟ ಎಲ್ಲವನ್ನೂ ಬಿಟ್ಟರು. ಬಿಡಲಾಗದೆ ಹೋದದ್ದು ಒಂದೇ, ರೋಮಿನಲ್ಲಿ ಬಹು ಶ್ರಮಪಟ್ಟು ಕೂಡಿಸಿದ್ದ ಪುಸ್ತಕಗಳು. ಅಂತಿಯೋಕ್ಯದಲ್ಲಿ ಅವರು ಉಪವಾಸ ಮಾಡುತ್ತಿದ್ದರು, ಪಾಪಗಳಿಗಾಗಿ ಕಣ್ಣೀರಿಡುತ್ತಿದ್ದರು, ಅನಂತರ ಸಿಸೆರೊವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಪ್ರವಾದಿಗಳ ಗ್ರಂಥವನ್ನು ತೆರೆದರೆ ಅದರ ಒರಟು ಭಾಷೆ ಅವರಿಗೆ ಹಿಡಿಸುತ್ತಿರಲಿಲ್ಲ. ಇದನ್ನು ಸ್ವತಃ ಅವರೇ ಮರೆಮಾಚದೆ ಬರೆದಿಟ್ಟಿದ್ದಾರೆ. ಒಳ್ಳೆಯ ಸಾಹಿತ್ಯ ಓದಿ ಬೆಳೆದ ನಮ್ಮ ಯುವಜನರಲ್ಲಿ ಎಷ್ಟೋ ಮಂದಿಗೆ ಇದು ಅಪರಿಚಿತ ಅನುಭವವಲ್ಲವೆಂದು ನಾವು ಭಾವಿಸುತ್ತೇವೆ.

ತಪಸ್ಸುಕಾಲದ ನಡುವೆ ಜ್ವರ ಬಂದು ಮರಣಾಸನ್ನರಾಗಿ ಮಲಗಿದ್ದಾಗ ಅವರಿಗೊಂದು ಸ್ವಪ್ನವಾಯಿತು. ನ್ಯಾಯಾಸನದ ಮುಂದೆ ತಾವು ನಿಂತಿರುವಂತೆಯೂ, ನೀನು ಯಾರೆಂದು ಕೇಳಿದ್ದಕ್ಕೆ ಕ್ರೈಸ್ತನೆಂದು ಉತ್ತರಿಸಿದಂತೆಯೂ, ಅದು ಸುಳ್ಳು, ನೀನು ಸಿಸೆರೊವಿನ ಶಿಷ್ಯನೇ ಹೊರತು ಕ್ರಿಸ್ತನ ಶಿಷ್ಯನಲ್ಲವೆಂಬ ತೀರ್ಪು ಬಂದಂತೆಯೂ ಕಂಡಿತು. ಏಟುಗಳನ್ನು ತಿನ್ನುತ್ತಲೇ ಲೌಕಿಕ ಗ್ರಂಥಗಳನ್ನು ಇನ್ನು ಮುಟ್ಟೆನೆಂದು ಅವರು ಆಣೆಯಿಟ್ಟರು. ಮುಂದೆಯೂ ಅವರ ಬರಹದಲ್ಲಿ ವರ್ಜಿಲನೂ ಸಿಸೆರೊವೂ ಆಗಾಗ ಇಣುಕುವುದನ್ನು ಕಂಡು ವಿರೋಧಿಗಳು ಈ ಆಣೆಯನ್ನು ನೆನಪಿಸಿ ಹಂಗಿಸಿದರು. ಆದರೂ ಶಿಷ್ಯತ್ವ ಯಾರದು ಎಂಬ ಆ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

ಸಿರಿಯದ ಖಾಲ್ಕಿಸ್ ಮರುಭೂಮಿಯಲ್ಲಿ ಅವರು ಎರಡು ಮೂರು ವರ್ಷ ಏಕಾಂತವಾಸ ಮಾಡಿದರು. ದೇಹ ಬಾಡಿದರೂ ಮನಸ್ಸು ರೋಮಿನ ವಿಲಾಸಗಳ ಕಡೆಗೆ ಓಡುತ್ತಿತ್ತು. ಅದನ್ನು ಕಟ್ಟಿಹಾಕಲು ಅವರು ಕಂಡುಕೊಂಡ ಉಪಾಯ ವಿಚಿತ್ರವಾದುದು. ಯೆಹೂದ್ಯ ಧರ್ಮದಿಂದ ಬಂದು ಕ್ರೈಸ್ತರಾಗಿದ್ದ ಸನ್ಯಾಸಿಯೊಬ್ಬರ ಬಳಿ ಕುಳಿತು ಹೀಬ್ರೂ ಅಕ್ಷರಮಾಲೆಯನ್ನು ತಿದ್ದತೊಡಗಿದರು. ಸಿಸೆರೊವಿನ ನಿರರ್ಗಳ ವಾಣಿಗೆ ಒಗ್ಗಿದ್ದ ನಾಲಗೆ ಗಂಟಲಿನಿಂದ ಹೊರಡುವ ಆ ಕಠಿಣ ಧ್ವನಿಗಳಿಗೆ ತಡವರಿಸಿತು. ಹಲವು ಸಲ ಕೈಬಿಟ್ಟರು, ಹಲವು ಸಲ ಮತ್ತೆ ಹಿಡಿದರು. ಮೂವತ್ತರ ಹತ್ತಿರದ ಪಂಡಿತ ಮಗುವಿನಂತೆ ಅಕ್ಷರ ಕಲಿತ ಆ ದಿನಗಳ ಫಲವನ್ನು ಧರ್ಮಸಭೆ ಇಂದಿಗೂ ಉಣ್ಣುತ್ತಿದೆ.

ಅಂತಿಯೋಕ್ಯದಲ್ಲಿ ಯಾಜಕ ದೀಕ್ಷೆ ಪಡೆದು, ಕಾನ್‌ಸ್ಟಾಂಟಿನೋಪಲಿನಲ್ಲಿ ಸಂತ ಗ್ರೆಗೊರಿ ನಾಜಿಯಾನ್‌ಜೆನರ ಬಳಿ ಪವಿತ್ರ ಗ್ರಂಥದ ವ್ಯಾಖ್ಯಾನವನ್ನು ಅಭ್ಯಸಿಸಿ, 382ರಲ್ಲಿ ಅವರು ರೋಮಿಗೆ ಹಿಂತಿರುಗಿದರು. ಜಗದ್ಗುರು ದಾಮಸುಸರು ಅವರನ್ನು ತಮ್ಮ ಕಾರ್ಯದರ್ಶಿಯಾಗಿ ಇರಿಸಿಕೊಂಡರು. ಆಗ ಲ್ಯಾಟಿನ್ ಭಾಷೆಯಲ್ಲಿ ಶುಭಸಂದೇಶಗಳ ಅನುವಾದಗಳು ಇರಲಿಲ್ಲವೆಂದಲ್ಲ, ಇದ್ದುದು ಅತಿಯಾಗಿತ್ತು. ಪ್ರತಿಯೊಂದು ಹಸ್ತಪ್ರತಿಯೂ ಮತ್ತೊಂದರಿಂದ ಭಿನ್ನ. ಇವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ತಿದ್ದಬೇಕೆಂದು ಜಗದ್ಗುರುಗಳು ಅಪ್ಪಣೆಯಿತ್ತರು. ಹುಟ್ಟಿನಿಂದ ಕೇಳಿದ ಮಾತು ಬದಲಾದರೆ ಭಕ್ತರು ರೇಗುವರೆಂದು ಜೆರೋಮರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ 384ರಲ್ಲಿ ನಾಲ್ಕು ಶುಭಸಂದೇಶಗಳನ್ನು ತಿದ್ದಿ ಒಪ್ಪಿಸಿದರು.

ಅದೇ ಕಾಲದಲ್ಲಿ ಅವೆಂಟೈನ್ ಗುಡ್ಡದ ಮೇಲಿದ್ದ ಮಾರ್ಸೆಲ್ಲಾ ಎಂಬ ವಿಧವೆಯ ಮನೆಯಲ್ಲಿ ಕುಲೀನ ಸ್ತ್ರೀಯರ ಕೂಟವೊಂದು ಪ್ರಾರ್ಥನೆಗೂ ಅಧ್ಯಯನಕ್ಕೂ ಸೇರುತ್ತಿತ್ತು. ಜೆರೋಮರು ಅವರಿಗೆ ಪವಿತ್ರ ಗ್ರಂಥವನ್ನು ಬೋಧಿಸಿದರು. ಬೋಧನೆ ಎನ್ನುವುದಕ್ಕಿಂತ ವಾದ ಎನ್ನುವುದೇ ಸರಿಯೇನೋ. ಏಕೆಂದರೆ ಮಾರ್ಸೆಲ್ಲಾ ಅವರು ಗುರು ಹೇಳಿದ್ದನ್ನು ಹೇಳಿದಂತೆ ಒಪ್ಪಿಕೊಳ್ಳುವವರಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಜೆರೋಮರನ್ನು ಪೇಚಿಗೆ ಸಿಕ್ಕಿಸುತ್ತಿದ್ದರು. ಇವರೊಡನಿದ್ದ ಪೌಲಾ ಮತ್ತು ಅವರ ಮಗಳು ಯೂಸ್ತೋಕಿಯಂ ಹೀಬ್ರೂ ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲಿಯೇ ಹಾಡಿದರು. ಪವಿತ್ರ ಗ್ರಂಥದ ಅಧ್ಯಯನ ಗುರುಗಳಿಗೆ ಬಿಟ್ಟ ವಿಷಯವೆಂದು ತಿಳಿದಿರುವ ನಮ್ಮ ಗೃಹಸ್ಥರು ಈ ಮನೆಯನ್ನು ಒಮ್ಮೆ ನೆನೆಯಬಹುದು.

ಆದರೆ ಜೆರೋಮರ ಲೇಖನಿ ಬಹು ಹರಿತ. ರೋಮಿನ ಭೋಗಪ್ರಿಯ ಗುರುಗಳನ್ನು ಅವರು ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿದ್ದರು. ಪೌಲಾರ ಮತ್ತೊಬ್ಬ ಮಗಳು ಬ್ಲೆಸಿಲ್ಲಾ ಎಳೆವಯಸ್ಸಿನಲ್ಲಿಯೇ ತೀರಿಕೊಂಡಾಗ, ಕಠಿಣ ಉಪವಾಸವೇ ಅವಳನ್ನು ಕೊಂದಿತೆಂದು ಜನರು ಅವರತ್ತ ಬೆರಳು ತೋರಿದರು. 384ರ ಡಿಸೆಂಬರಿನಲ್ಲಿ ದಾಮಸುಸರು ದೈವಾಧೀನರಾದ ಮೇಲೆ ರಕ್ಷಿಸುವವರು ಇಲ್ಲವಾಗಿ, ಮರುವರ್ಷ ಅವರು ರೋಮನ್ನು ತೊರೆದರು, ಮತ್ತೆಂದೂ ಮರಳಲಿಲ್ಲ.

ಪೌಲಾ ಮತ್ತು ಯೂಸ್ತೋಕಿಯಂ ಅವರೂ ಪೂರ್ವಕ್ಕೆ ಬಂದು ಸೇರಿದರು. ಪುಣ್ಯಭೂಮಿಯನ್ನೂ ಈಜಿಪ್ಟನ್ನೂ ಸಂದರ್ಶಿಸಿ 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ಪೌಲಾರ ಹಣದಿಂದ ಪುರುಷರ ಮಠ, ಸ್ತ್ರೀಯರ ಮಠಗಳು, ಯಾತ್ರಿಕರಿಗೊಂದು ಛತ್ರ ಎದ್ದುನಿಂತವು. ಪ್ರಭು ಯೇಸು ಜನಿಸಿದ ಗೋದಲಿಯ ನೆರೆಯಲ್ಲಿ ಕುಳಿತು ಜೆರೋಮರು ತಮ್ಮ ಬಾಳಿನ ಮಹಾಕಾರ್ಯಕ್ಕೆ ಕೈಹಾಕಿದರು. ಅದುವರೆಗಿನ ಲ್ಯಾಟಿನ್ ಹಳೆಯ ಒಡಂಬಡಿಕೆ ಗ್ರೀಕ್ ಅನುವಾದದ ಅನುವಾದವಾಗಿತ್ತು. ಅವರು ಹೀಬ್ರೂ ಮೂಲಕ್ಕೇ ಹೋದರು. ಇದಕ್ಕಾಗಿ ಯೆಹೂದ್ಯ ಪಂಡಿತರೊಬ್ಬರಿಂದ ಪಾಠ ಹೇಳಿಸಿಕೊಂಡರು. ತಮ್ಮವರಿಗೆ ಅಂಜಿ ಆ ಗುರು ರಾತ್ರಿಹೊತ್ತು ಬರುತ್ತಿದ್ದರಂತೆ. ಅರಮೇಯ ಭಾಷೆಯ ತೋಬಿತನ ಗ್ರಂಥವನ್ನು ಒಬ್ಬರು ಹೀಬ್ರೂವಿನಲ್ಲಿ ಹೇಳುತ್ತ ಹೋದಂತೆ, ಜೆರೋಮರು ಅದನ್ನು ಲ್ಯಾಟಿನ್‌ನಲ್ಲಿ ಲಿಪಿಕಾರನಿಗೆ ಹೇಳಿ ಬರೆಸಿ ಒಂದೇ ದಿನದಲ್ಲಿ ಮುಗಿಸಿದರು. ಒಟ್ಟು ಕಾರ್ಯಕ್ಕೆ ಮಾತ್ರ ಸುಮಾರು ಹದಿನೈದು ವರ್ಷ ಹಿಡಿಯಿತು. ಮುಂದೆ ವುಲ್ಗಾತ ಎಂದು ಹೆಸರಾದ ಲ್ಯಾಟಿನ್ ಬೈಬಲಿನಲ್ಲಿ ಎಲ್ಲವೂ ಅವರದಲ್ಲ, ಬಹುಭಾಗ ಅವರದು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಅಧಿಕೃತವೆಂದು ಸಾರಿತು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಬಲಿಪೂಜೆಯಲ್ಲಿ ನಮ್ಮ ಹಿರಿಯರು ಅರ್ಥವಾಗದಿದ್ದರೂ ಭಕ್ತಿಯಿಂದ ಆಲಿಸಿದ ಶುಭಸಂದೇಶದ ಲ್ಯಾಟಿನ್ ಜೆರೋಮರು ತಿದ್ದಿದ ಲ್ಯಾಟಿನ್ನೇ.

ಹೊಸ ಅನುವಾದವನ್ನು ಜನ ಸುಲಭವಾಗಿ ಸ್ವೀಕರಿಸಲಿಲ್ಲ. ಪ್ರವಾದಿ ಯೋನನಿಗೆ ನೆರಳಿತ್ತ ಗಿಡವನ್ನು ಹಳೆಯ ಅನುವಾದ ಸೋರೆಬಳ್ಳಿ ಎಂದಿತ್ತು. ಜೆರೋಮರು ಅದನ್ನು ಐವಿ ಎಂಬ ಬೇರೊಂದು ಬಳ್ಳಿಯ ಹೆಸರಿನಿಂದ ಕರೆದರು. ಆಫ್ರಿಕದ ಒಂದು ಊರಿನ ದೇವಾಲಯದಲ್ಲಿ ಇದನ್ನು ಓದಿದಾಗ ಭಕ್ತರು ಗದ್ದಲವೆಬ್ಬಿಸಿದರು, ಧರ್ಮಾಧ್ಯಕ್ಷರು ತಮ್ಮ ಮಂದೆಯನ್ನೇ ಕಳೆದುಕೊಳ್ಳುವಂತಾಯಿತು. ಈ ಸಂಗತಿಯನ್ನು ಸಂತ ಅಗಸ್ಟೀನರು ಜೆರೋಮರಿಗೆ ಬರೆದು ತಿಳಿಸಿದರು. ಉತ್ತರ ಖಾರವಾಗಿಯೇ ಬಂತು. ತಮಾಷೆಯೆಂದರೆ, ಅದು ಸೋರೆಯೂ ಅಲ್ಲ, ಐವಿಯೂ ಅಲ್ಲ, ನಮ್ಮ ಹೊಲಗಳಲ್ಲಿ ಬೆಳೆಯುವ ಔಡಲವೆಂದು ಇಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಒಂದು ಗಿಡದ ಹೆಸರಿಗಾಗಿ ಊರೇ ಸಿಡಿದೇಳುವಷ್ಟು ಆ ಜನರಿಗೆ ಪವಿತ್ರ ಗ್ರಂಥ ಕಂಠಗತವಾಗಿತ್ತೆಂಬುದು ನಮಗೆ ಅಚ್ಚರಿ ತರುತ್ತದೆ.

ಇಷ್ಟು ಓದಿದವರು ಸೌಮ್ಯರೂ ಆಗಿರಬೇಕಲ್ಲವೇ? ಜೆರೋಮರು ಆಗಿರಲಿಲ್ಲ. ಯೌವನದ ಪ್ರಾಣಸ್ನೇಹಿತ ರುಫಿನುಸರೊಡನೆ ಒರಿಜೆನನ ಬೋಧನೆಯ ಕುರಿತು ಎದ್ದ ಜಗಳ ಬಹಿರಂಗ ಬೈಗಳಾಗಿ ಬೆಳೆಯಿತು. ರುಫಿನುಸರು ತೀರಿಹೋದ ಮೇಲೂ ಅವರು ಹಂಗಿಸುವುದನ್ನು ಬಿಡಲಿಲ್ಲ. ಈ ದೋಷವನ್ನು ಮುಚ್ಚಿಡುವುದರಿಂದ ಸಂತರಿಗೆ ಗೌರವ ತಂದಂತಾಗುವುದೆಂದು ನಾವು ನಂಬುವುದಿಲ್ಲ. ಅವರೇ ತಮ್ಮನ್ನು ಪಾಪಿಯೆಂದು ಪದೇ ಪದೇ ಕರೆದುಕೊಂಡಿದ್ದಾರೆ.

ಅದೇ ಲೇಖನಿಯಿಂದ ಸುಮಾರು 403ರಲ್ಲಿ ಮತ್ತೊಂದು ಬಗೆಯ ಪತ್ರ ಹೊರಟಿತು. ಪೌಲಾರ ಸೊಸೆ ಲೇತಾ ತಮ್ಮ ಪುಟ್ಟ ಮಗಳನ್ನು ಹೇಗೆ ಬೆಳೆಸಬೇಕೆಂದು ಕೇಳಿದ್ದರು. ಲೇತಾರ ತಂದೆ ಅಕ್ರೈಸ್ತ ಪೂಜಾರಿ. ಮೊಮ್ಮಗಳು ತಾತನ ತೊಡೆಯೇರಿ ಅಲ್ಲೆಲೂಯ ಹಾಡಿದರೆ ಆತನ ಮನಸ್ಸೂ ಕರಗೀತೆಂದು ಜೆರೋಮರು ಆಶಿಸುತ್ತಾರೆ. ಮಗುವಿಗೆ ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಮಾಡಿಸಿ ಆಡಲು ಕೊಡಬೇಕು, ಸರಿಯಾಗಿ ಹೇಳಿದರೆ ಚಿಕ್ಕ ಬಹುಮಾನ ನೀಡಬೇಕು, ನಿಧಾನವಾದರೆ ಗದರಬಾರದು, ಓದಿನ ಮೇಲೆ ಜಿಗುಪ್ಸೆ ಬರಿಸಬಾರದು. ತಂದೆತಾಯಿಯರಲ್ಲಿ ಅನುಕರಿಸಬಾರದಂಥದ್ದು ಏನೂ ಅವಳ ಕಣ್ಣಿಗೆ ಬೀಳಕೂಡದು. ಮೊದಲು ಕೀರ್ತನೆಗಳು, ಬಳಿಕ ಜ್ಞಾನೋಕ್ತಿಗಳು, ಉಪದೇಶಕ, ಯೋಬ. ಅನಂತರ ಎಂದೂ ಕೈಬಿಡದಂತೆ ಶುಭಸಂದೇಶಗಳು, ಪ್ರೇಷಿತರ ಕಾರ್ಯಕಲಾಪಗಳು, ಪತ್ರಗಳು. ಆಮೇಲೆ ಪ್ರವಾದಿಗಳು ಮತ್ತು ಉಳಿದ ಗ್ರಂಥಗಳು. ಎಲ್ಲಕ್ಕೂ ಕೊನೆಯಲ್ಲಿ ಪರಮಗೀತೆ. ಇದು ರೋಮಿನಲ್ಲಿ ಕಷ್ಟವೆನಿಸಿದರೆ ಅವಳನ್ನು ಬೆತ್ಲೆಹೇಮಿಗೆ ಕಳುಹಿಸಿ, ಮುದುಕನಾದ ತಾನೇ ಹೆಗಲ ಮೇಲೆ ಹೊತ್ತು ಅವಳಿಗೆ ತೊದಲುನುಡಿ ಕಲಿಸುವೆನೆಂದು ಪತ್ರ ಮುಗಿಯುತ್ತದೆ. ಯುರೋಪನ್ನೇ ನಡುಗಿಸಿದ ವಾದಿಯ ಮಾತು ಇದು! ಆ ಹುಡುಗಿ ಮುಂದೆ ನಿಜವಾಗಿಯೂ ಬೆತ್ಲೆಹೇಮಿಗೆ ಬಂದಳು. ಅಜ್ಜಿ ಪೌಲಾ ಮಾತ್ರ 404ರ ಜನವರಿ 26ರಂದು ತೀರಿಕೊಂಡಿದ್ದರು.

410ರಲ್ಲಿ ಅಲಾರಿಕನ ಸೇನೆ ರೋಮನ್ನು ಸೂರೆಗೊಂಡಿತು. ಪೆಟ್ಟು ತಿಂದ ವೃದ್ಧೆ ಮಾರ್ಸೆಲ್ಲಾ ಸ್ವಲ್ಪ ಕಾಲದಲ್ಲಿಯೇ ಅಸುನೀಗಿದರು. ನಿನ್ನೆಯವರೆಗೆ ಸಿರಿವಂತರಾಗಿದ್ದವರು ಹರಕು ಬಟ್ಟೆಯಲ್ಲಿ ಭಿಕ್ಷುಕರಾಗಿ ಬೆತ್ಲೆಹೇಮಿನ ಬಾಗಿಲಿಗೆ ಬಂದರು. ಜೆರೋಮರು ಆಗ ಪ್ರವಾದಿ ಯೆಹೆಜ್ಕೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದರು. ಅದನ್ನು ಬದಿಗಿಟ್ಟರು. ಪವಿತ್ರ ಗ್ರಂಥದ ಮಾತನ್ನು ಬರೆಯುವುದಕ್ಕಿಂತ ಮಾಡಿ ತೋರಿಸುವ ಹೊತ್ತು ಇದೆಂದು ಭಾವಿಸಿ, ಬಂದವರಿಗೆ ಆಶ್ರಯ ನೀಡುವುದರಲ್ಲಿಯೂ ಅವರೊಡನೆ ಅಳುವುದರಲ್ಲಿಯೂ ಹಗಲು ಕಳೆದರು. ಜ್ವರದ ಸ್ವಪ್ನವನ್ನು ಒಡನೆ ನಂಬದವರೂ ಈ ಮುಚ್ಚಿಟ್ಟ ಪುಸ್ತಕವನ್ನು ನಂಬಬಹುದೆಂದು ನಮಗೆ ತೋರುತ್ತದೆ. ರಾತ್ರಿ ದೊರೆತ ಗಳಿಗೆಗಳಲ್ಲಿ ದೀಪದ ಬೆಳಕಿನಲ್ಲಿ ವ್ಯಾಖ್ಯಾನ ಮುಂದುವರಿಯಿತು. ಕಣ್ಣು ಮಂಜಾಗಿತ್ತು, ಹೀಬ್ರೂವಿನ ಸಣ್ಣ ಅಕ್ಷರಗಳು ಹಗಲಿನಲ್ಲಿಯೂ ಕಾಣುತ್ತಿರಲಿಲ್ಲ. ಗ್ರೀಕ್ ವ್ಯಾಖ್ಯಾನಗಳನ್ನು ಸಹೋದರರು ಓದಿ ಹೇಳುತ್ತಿದ್ದರು. ಹೀಗೆ 414ರ ಹೊತ್ತಿಗೆ ಆ ಕೃತಿ ಪೂರ್ಣಗೊಂಡಿತು.

ಎರಡು ವರ್ಷಗಳಲ್ಲಿ ದುಷ್ಟರ ಗುಂಪೊಂದು ಮಠಗಳಿಗೆ ಬೆಂಕಿಯಿಟ್ಟಿತು, ಸೇವಾಧಿಕಾರಿಯೊಬ್ಬರು ಹತರಾದರು. ಜೆರೋಮರು ತಪ್ಪಿಸಿಕೊಂಡರು. ಕೆಲಕಾಲದಲ್ಲಿ ಯೂಸ್ತೋಕಿಯಂ ಕೂಡ ಅಗಲಿದರು. ಆಗ ಅವರ ಕೈಯಲ್ಲಿದ್ದುದು ಪ್ರವಾದಿ ಯೆರೆಮೀಯನ ಗ್ರಂಥದ ವ್ಯಾಖ್ಯಾನ. ಅದು 32ನೆಯ ಅಧ್ಯಾಯದವರೆಗೆ ಬಂದು ನಿಂತಿದೆ. 420ರ ಸೆಪ್ಟೆಂಬರ್ 30ರಂದು ಅವರು ಬೆತ್ಲೆಹೇಮಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಗೋದಲಿಯ ಸಮೀಪದ ಗುಹೆಯಲ್ಲಿ, ಪೌಲಾ ಮತ್ತು ಯೂಸ್ತೋಕಿಯಂ ಅವರ ಸಮಾಧಿಗಳ ಬಳಿಯಲ್ಲಿ, ಅವರನ್ನು ಸಮಾಧಿ ಮಾಡಿದರು.