ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನ ಸುರುಳಿ

ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಎಂ.ಆರ್.ಐ. ಎಂಬ ಫಲಕವನ್ನು ಕಾಣದವರು ವಿರಳ. ಆ ಯಂತ್ರದೊಳಗೆ ಮಲಗಿ ಬಂದವರೆಲ್ಲ ಮೊದಲು ಹೇಳುವುದು ಅದರ ಸದ್ದನ್ನು. ಹೊಟ್ಟೆನೋವಿಗಾಗಿ ಹೋಗಿದ್ದ ನನ್ನ ಸೋದರತ್ತೆಯೂ, ತಲೆಯ ಬಳಿ ಯಾರೋ ತಗಡು ಕುಟ್ಟಿದಂತಿತ್ತೆಂದರು. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಆ ಸದ್ದಿನ ಮೂಲವನ್ನು ಅರಸುತ್ತ ಹೋಗಿ, 1879ರಲ್ಲಿಯೇ ಕಾಲವಾದ ಒಬ್ಬ ಮಹನೀಯನ ಚರಿತ್ರೆಯನ್ನು ಓದಬೇಕಾಯಿತು. ವಿಜ್ಞಾನ ಬಲ್ಲವರು ಈ ಸಾಹಸವನ್ನು ಮನ್ನಿಸಬೇಕು.

ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1831ರ ಜೂನ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜನಿಸಿದನು. ಬೆಳೆದುದು ಗ್ಲೆನ್‌ಲೇರ್ ಎಂಬಲ್ಲಿನ ಹಳ್ಳಿಮನೆಯಲ್ಲಿ. ಮೊದಲ ಗುರು ತಾಯಿ ಫ್ರಾನ್ಸಿಸ್. ಮಗನಿಗೆ ಎಂಟು ವರ್ಷವಾಗಿದ್ದಾಗ ಆಕೆಗೆ ಹೊಟ್ಟೆಯ ಕ್ಯಾನ್ಸರ್ ತಗುಲಿತು. ಅರಿವಳಿಕೆ ಬಳಕೆಗೆ ಬಾರದ ಕಾಲ. ದೇಹದೊಳಗೇನಿದೆಯೆಂದು ನೋಡಲು ಕತ್ತಿಯೊಂದೇ ಸಾಧನ. ಶಸ್ತ್ರಚಿಕಿತ್ಸೆ ಫಲಿಸದೆ 1839ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಳು.

ತಂದೆ ತಾನೇ ರೂಪಿಸಿದ ಬೂಟು, ಅಂಗಿಗಳನ್ನು ತೊಡಿಸಿ ಶಾಲೆಗೆ ಕಳಿಸಿದನು. ಸಹಪಾಠಿಗಳು ಹುಡುಗನಿಗೆ ಪೆದ್ದನೆಂದು ಹೆಸರಿಟ್ಟರು. ಆ ಪೆದ್ದ ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಡಾಕೃತಿಯ ರೇಖೆಗಳನ್ನು ಕುರಿತು ಬರೆದ ಪ್ರಬಂಧವು 1846ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯ ಮುಂದೆ ಬಂದಿತು; ಬರೆದವನು ತೀರ ಎಳೆಯನಾದುದರಿಂದ ಪ್ರೊಫೆಸರ್ ಫೋರ್ಬ್ಸ್ ಅದನ್ನು ಓದಿದನು. ಕೇಂಬ್ರಿಜ್ ಮುಗಿಸಿ ಅಬರ್ಡೀನಿನಲ್ಲಿ ಪ್ರಾಧ್ಯಾಪಕನಾದನು. 1860ರಲ್ಲಿ ಅಲ್ಲಿಯ ಎರಡು ಕಾಲೇಜುಗಳು ಒಂದಾದಾಗ ಮ್ಯಾಕ್ಸ್‌ವೆಲ್ಲನ ಹುದ್ದೆಯೇ ಹೋಯಿತು! ನಮ್ಮ ಅತಿಥಿ ಉಪನ್ಯಾಸಕರಿಗೆ ಇದೇನೂ ವಿಚಿತ್ರವೆನಿಸಲಾರದು. ಅನಂತರ ಲಂಡನ್ನಿನಲ್ಲಿದ್ದಾಗ, ಗಣಿತವನ್ನು ಹೆಚ್ಚು ಕಲಿಯದ ಫ್ಯಾರಡೆ ಕಂಡಿದ್ದ ಬಲರೇಖೆಗಳಿಗೆ ಸಮೀಕರಣದ ರೂಪವಿತ್ತು 1865ರಲ್ಲಿ ಪ್ರಕಟಿಸಿದನು.

ಅದಕ್ಕೂ ತಗಡಿನ ಸದ್ದಿಗೂ ಏನು ನಂಟು? ಯಂತ್ರದ ದೊಡ್ಡ ಅಯಸ್ಕಾಂತದಲ್ಲಿ ದೇಹದ ಜಲಜನಕದ ಪರಮಾಣುಬೀಜಗಳೆಲ್ಲ ಒಂದೇ ಶ್ರುತಿಯಲ್ಲಿ ಮಿಡಿಯುತ್ತವೆ, 1.5 ಟೆಸ್ಲಾ ಬಲಕ್ಕೆ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಎಲ್ಲವೂ ಒಂದೇ ಶ್ರುತಿಯಾದರೆ ಯಾವ ದನಿ ಎಲ್ಲಿಂದ ಬಂದಿತೆಂದು ತಿಳಿಯುವ ಬಗೆಯಿಲ್ಲ. ಆದುದರಿಂದ ಗ್ರೇಡಿಯೆಂಟ್ ಸುರುಳಿಗಳು ಕಾಂತಕ್ಷೇತ್ರವನ್ನು ತುಸು ಇಳಿಜಾರಾಗಿಸುತ್ತವೆ. ಆಗ ಶ್ರುತಿಯೇ ಸ್ಥಳದ ಗುರುತು. ಅವುಗಳಲ್ಲಿ ಸರಳವಾದುದು ಎದುರುಬದುರಾದ ಎರಡು ಬಳೆಗಳು: ವಿದ್ಯುತ್ತು ವಿರುದ್ಧ ದಿಕ್ಕಿಗೆ, ನಡುವಣ ದೂರ ತ್ರಿಜ್ಯದ 1.73ರಷ್ಟು. ಇದರ ಹೆಸರು ಮ್ಯಾಕ್ಸ್‌ವೆಲ್ ಜೋಡಿ. ವಿದ್ಯುತ್ತನ್ನು ಹರಿಸಿ ತಡೆದಾಗಲೆಲ್ಲ ಸುರುಳಿ ಅದಿರುತ್ತದೆ; ಸದ್ದು ಅದರದು.

ಸುತ್ತು ಹೆಚ್ಚಿಸಿದರೆ ಇಳಿಜಾರು ಕಡಿದಾಗುವುದು, ಆದರೆ ವಿದ್ಯುತ್ತು ಏರಿಳಿಯಲು ತಡವಾಗುವುದು. ಅತಿ ಬೇಗ ಏರಿಳಿಸಿದರೆ ರೋಗಿಯ ನರಗಳು ಜುಮ್ಮೆನ್ನುವುವು. 1986ರಲ್ಲಿ ರಾಬರ್ಟ್ ಟರ್ನರ್ ಬೇಕಾದ ಕ್ಷೇತ್ರವನ್ನು ಮೊದಲು ನಿಶ್ಚಯಿಸಿ, ಅದನ್ನು ಕೊಡುವ ತಂತಿಯ ಹಾದಿಯನ್ನು ಹಿಂದಿನಿಂದ ಲೆಕ್ಕಹಾಕುವ ವಿಧಾನವನ್ನು ಕೊಟ್ಟನು. ಆ ಲೆಕ್ಕವೂ, ನರವನ್ನು ಜುಮ್ಮೆನಿಸುವ ನಿಯಮವೂ ಮ್ಯಾಕ್ಸ್‌ವೆಲ್ಲನ ಸಮೀಕರಣಗಳೊಳಗಿನವೇ. ಗ್ರೇಡಿಯೆಂಟುಗಳನ್ನು ಒಂದಾದ ಮೇಲೊಂದರಂತೆ ಹಾಕಿ ಚಿತ್ರ ಪಡೆಯುವ ಮಾರ್ಗವನ್ನು 1975ರಲ್ಲಿ ವೆಲ್ಟಿ, ಅರ್ನ್‌ಸ್ಟರೊಡನೆ ತೋರಿಸಿದ ಅನಿಲ್ ಕುಮಾರ್ ಮುಂದೆ ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದರೆಂಬುದು ನನಗೆ ಹೆಮ್ಮೆಯ ಸಂಗತಿ.

ಮ್ಯಾಕ್ಸ್‌ವೆಲ್ 1871ರಲ್ಲಿ ಕೇಂಬ್ರಿಜ್‌ಗೆ ಮರಳಿ ಕ್ಯಾವೆಂಡಿಷ್ ಪ್ರಯೋಗಾಲಯವನ್ನು ಕಟ್ಟಿಸಿದನು. ಕಾಯಿಲೆಯ ಹೆಂಡತಿ ಕ್ಯಾಥರೀನಳನ್ನು ತಾನೇ ಆರೈಕೆ ಮಾಡುತ್ತಿದ್ದವನಿಗೆ ತಾಯಿಯ ರೋಗವೇ ಬಂದಿತು. ಕ್ಷ-ಕಿರಣವೂ ಗೊತ್ತಾಗಲು ಇನ್ನೂ 16 ವರ್ಷವಿದ್ದಿತು. 1879ರ ನವೆಂಬರ್ 5ರಂದು, 48ನೆಯ ವಯಸ್ಸಿನಲ್ಲಿ, ಮ್ಯಾಕ್ಸ್‌ವೆಲ್ ತೀರಿಕೊಂಡನು. ಗ್ಲೆನ್‌ಲೇರಿನ ಬಳಿಯ ಪಾರ್ಟನ್ನಿನಲ್ಲಿ ಸಮಾಧಿಯಿದೆ. ಅದೇ ಕಲ್ಲಿನ ಮೇಲೆ ತಾಯಿಯ ಹೆಸರೂ ಇದೆ.