ಫರ್ಡಿನಾಂಡ್ ಕಿಟ್ಟೆಲ್: ಹಾಡಿನಿಂದ ನಿಘಂಟಿನವರೆಗೆ

ದೇವರನ್ನು ಹಾಡಿ ಕೊಂಡಾಡುವ ಸಂಪ್ರದಾಯವು ಬಹು ಪ್ರಾಚೀನವಾದುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಕನ್ನಡದ ಊರುಗಳಲ್ಲಿ ಬೆಳೆದವರಿಗೆ ಭಜನೆಯಾಗಲಿ, ವಚನಗಾಯನವಾಗಲಿ, ದಾಸರ ಪದಗಳಾಗಲಿ ಹೊಸತಲ್ಲ. ಯೆಹೂದ್ಯರ ಮತ್ತು ಕ್ರೈಸ್ತರ ಆರಾಧನೆಯಲ್ಲಿಯೂ ಹಾಡಿಗೆ ಇಂಥದೇ ಹಿರಿಯ ಸ್ಥಾನವಿದೆ. ಪ್ರಾಚೀನ ಕಾಲದಲ್ಲಿ ಜೆರೂಸಲೇಮಿನ ದೇವಾಲಯದಲ್ಲಿ ಯೆಹೂದ್ಯ ಗಾಯಕರು ತಂತಿವಾದ್ಯಗಳನ್ನು ನುಡಿಸುತ್ತ, ತಾಳಗಳನ್ನು ಹಾಕುತ್ತ ಕೀರ್ತನೆಗಳನ್ನು ಹಾಡುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶಮಾಡಿದರು. ಆದರೆ ಕೀರ್ತನೆಗಳು ಅಳಿಯಲಿಲ್ಲ. ನೂರೈವತ್ತು ಕೀರ್ತನೆಗಳ ಆ ಸಂಗ್ರಹವು ಯೆಹೂದ್ಯರ ಸಭಾಮಂದಿರಗಳಲ್ಲಿ ಉಳಿದುದಲ್ಲದೆ ಕ್ರೈಸ್ತರಿಗೂ ಬಳುವಳಿಯಾಗಿ ಬಂದಿತು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರರು ಜನಸಾಮಾನ್ಯರು ತಮ್ಮ ತಾಯ್ನುಡಿಯಲ್ಲಿಯೇ ದೇವರನ್ನು ಸ್ತುತಿಸಬೇಕೆಂದು ಬಯಸಿ ಜರ್ಮನ್ ಭಾಷೆಯಲ್ಲಿ ಗೀತೆಗಳನ್ನು ರಚಿಸಿದರು. 1524ರಲ್ಲಿ ಅವು ಅಚ್ಚಾಗಿ ಮನೆಮನೆಗಳನ್ನು ಸೇರಿದುವು.

ಇದೇ ಲೂಥರರ ಪರಂಪರೆಗೆ ಸೇರಿದ ಒಂದು ಪಾದ್ರಿಯ ಮನೆಯಲ್ಲಿ, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, 1832ನೆಯ ಏಪ್ರಿಲ್ 7ರಂದು ಫರ್ಡಿನಾಂಡ್ ಕಿಟ್ಟೆಲ್ಲರು ಜನಿಸಿದರು. ಚಿಕ್ಕಂದಿನಲ್ಲಿಯೇ ಭಾಷೆಗಳ ಕಲಿಕೆಯಲ್ಲಿ ಅವರಿಗೆ ವಿಶೇಷವಾದ ಆಸಕ್ತಿಯಿದ್ದಿತು. ಗ್ರೀಕ್, ಲ್ಯಾಟಿನ್, ಹೀಬ್ರೂಗಳನ್ನು ಅವರು ಶ್ರದ್ಧೆಯಿಂದ ಅಭ್ಯಾಸಮಾಡಿದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಕೇವಲ ಇಪ್ಪತ್ತೊಂದು.

ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದುವು. ಪರದೇಶದಿಂದ ಬಂದವನು ಈ ನಾಡಿನ ಜನರೊಡನೆ ಬೆರೆಯದೆ ಅವರಿಗೆ ಏನನ್ನೂ ಹೇಳಲಾರನೆಂಬುದು ಕಿಟ್ಟೆಲ್ಲರ ದೃಢವಾದ ನಂಬಿಕೆಯಾಗಿದ್ದಿತು. ಆದುದರಿಂದ ಅವರು ಕನ್ನಡವನ್ನು ಕಲಿಯಲು ಮೊದಲುಮಾಡಿದರು. ಜನರ ನಡೆನುಡಿಗಳನ್ನೂ ಕಾವ್ಯಗಳನ್ನೂ ಅರಿಯಲು ಹಗಲಿರುಳೂ ಶ್ರಮಿಸಿದರು. ಅವರ ಈ ರೀತಿಯು ಸಹೋದ್ಯೋಗಿಗಳೆಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಆದರೂ ಕಿಟ್ಟೆಲ್ಲರು ಹಿಡಿದ ಹಾದಿಯನ್ನು ಬಿಡಲಿಲ್ಲ.

ಆ ಕಾಲದ ಪ್ರಚಾರಕರು ಎದುರಿಸಿದ ಒಂದು ಮುಖ್ಯ ಸಮಸ್ಯೆಯು ಹಾಡಿಗೆ ಸಂಬಂಧಿಸಿದುದು. ಜರ್ಮನ್ ಗೀತೆಗಳನ್ನು ಕನ್ನಡಕ್ಕೆ ಪರಿವರ್ತಿಸಿ, ಜರ್ಮನ್ ಧಾಟಿಯಲ್ಲಿಯೇ ಹಾಡಿಸುವುದು ಸುಲಭವೆಂದು ತೋರಬಹುದು. ಆದರೆ ಎರಡು ಭಾಷೆಗಳ ಗತಿಯೇ ಬೇರೆ. ಜರ್ಮನ್ ಪದ್ಯವು ಅಕ್ಷರಗಳ ಮೇಲೆ ಬೀಳುವ ಒತ್ತನ್ನು ಅನುಸರಿಸಿ ನಡೆಯುತ್ತದೆ. ಕನ್ನಡದ ಪದ್ಯವಾದರೋ ಲಘು ಗುರುಗಳ ಅಳತೆಯನ್ನು ಅವಲಂಬಿಸಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಪರಕೀಯ ಧಾಟಿಗೆ ಸರಿಹೊಂದಿಸಲು ಲಘುವನ್ನು ಎಳೆದು ಗುರುವನ್ನು ಮೊಟಕುಮಾಡಿದರೆ ಶಬ್ದದ ರೂಪವೇ ಕೆಡುತ್ತದೆ. ಪ್ರಾಸದ ವಿಷಯದಲ್ಲಿಯೂ ಭೇದವುಂಟು. ಜರ್ಮನ್ ಗೀತೆಗಳಲ್ಲಿ ಪ್ರಾಸವು ಸಾಲಿನ ಕೊನೆಯಲ್ಲಿ ಬರುತ್ತದೆ; ಹಳೆಯ ಕನ್ನಡ ಕಾವ್ಯಗಳಲ್ಲಿ ಅದು ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದಲ್ಲಿ ನೆಲೆಸಿರುತ್ತದೆ. ಕನ್ನಡಿಗರ ಕಿವಿಗೆ ಒಗ್ಗದ ಸ್ತುತಿಯು ಅವರ ಹೃದಯವನ್ನು ಮುಟ್ಟುವುದಾದರೂ ಹೇಗೆ?

ಇದಕ್ಕೆ ಉತ್ತರವು ಕನ್ನಡದಲ್ಲಿಯೇ ಇದ್ದಿತು. ಕಿಟ್ಟೆಲ್ಲರು ಬರುವುದಕ್ಕೆ ಮೂರು ವರ್ಷ ಮೊದಲು, 1850ರಲ್ಲಿ, ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು ಹರಿದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ರಾಗತಾಳಗಳಲ್ಲಿ ಹಾಡುವ ಆ ಪದಗಳೂ, ಓದಿ ಅರ್ಥಹೇಳುವ ಷಟ್ಪದಿ ಕಾವ್ಯಗಳೂ ಜನರ ನಾಲಗೆಯ ಮೇಲೆ ನಲಿಯುತ್ತಿದ್ದುವು. ಕಥೆಯನ್ನು ಹಾಡಿನಲ್ಲಿ ಹೇಳಿದರೆ ಕನ್ನಡಿಗರು ಮನವಿಟ್ಟು ಕೇಳುವರೆಂಬ ಸತ್ಯವನ್ನು ಕಿಟ್ಟೆಲ್ಲರು ಮನಗಂಡರು. ಆದುದರಿಂದ ಅವರು ಯೇಸುವಿನ ಚರಿತ್ರೆಯನ್ನು ಭಾರತೀಯ ಛಂದೋಬಂಧಗಳಲ್ಲಿ ತಾವೇ ರಚಿಸಿದರು. 'ಕಥಾಮಾಲೆ' ಎಂಬ ಹೆಸರಿನ ಆ ಕಾವ್ಯವು 1862ರಲ್ಲಿ ಪ್ರಕಟವಾಯಿತು. ಕನ್ನಡವು ತಾಯ್ನುಡಿಯಲ್ಲದ ಒಬ್ಬ ವಿದೇಶೀಯನು ಈ ನೆಲಕ್ಕೆ ಕಾಲಿಟ್ಟು ಒಂಬತ್ತು ವರ್ಷಗಳು ಕಳೆಯುವಷ್ಟರಲ್ಲಿ ಕನ್ನಡದ ಛಂದಸ್ಸಿನಲ್ಲಿ ಕಾವ್ಯವನ್ನು ರಚಿಸಿದುದು ಸಾಮಾನ್ಯವಾದ ಸಾಹಸವಲ್ಲ.

ಈ ನಡುವೆ ಅವರ ಸಂಸಾರಜೀವನದಲ್ಲಿ ದುಃಖವು ಬಂದೊದಗಿತು. 1860ರಲ್ಲಿ ಅವರ ಕೈಹಿಡಿದಿದ್ದ ಪೌಲೀನ್ ನಾಲ್ಕೇ ವರ್ಷಗಳಲ್ಲಿ, ಎಂದರೆ 1864ರಲ್ಲಿ, ತೀರಿಕೊಂಡರು. ಮೂರು ವರ್ಷಗಳ ತರುವಾಯ ಕಿಟ್ಟೆಲ್ಲರು ಪೌಲೀನಳ ತಂಗಿಯಾದ ಜೂಲಿಯನ್ನು ವರಿಸಿದರು. ವೈಯಕ್ತಿಕವಾದ ಸಂಕಟಗಳಿಂದ ಅವರ ವಿದ್ಯಾವ್ಯಾಸಂಗಕ್ಕೆ ಭಂಗಬರಲಿಲ್ಲ.

ಪದ್ಯವನ್ನು ರಚಿಸಬೇಕಾದರೆ ಛಂದಸ್ಸಿನ ಜ್ಞಾನವಿರಬೇಕು. ಶಬ್ದಗಳ ಶುದ್ಧರೂಪವನ್ನು ತಿಳಿಯಬೇಕಾದರೆ ವ್ಯಾಕರಣವನ್ನು ಬಲ್ಲವರಾಗಿರಬೇಕು. ಕಿಟ್ಟೆಲ್ಲರ ವ್ಯಾಸಂಗವು ಈ ಎರಡು ದಿಕ್ಕುಗಳಲ್ಲಿಯೂ ಹರಿಯಿತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ 1872ರಲ್ಲಿ ಅವರು ಪ್ರಕಟಿಸಿದರು. ಕನ್ನಡ ಛಂದಸ್ಸನ್ನು ಕುರಿತ ಪ್ರಾಚೀನ ಗ್ರಂಥವಾದ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಹೊರತಂದರು. ಅದರೊಡನೆ ಕನ್ನಡ ಸಾಹಿತ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನೂ ಬರೆದು ಸೇರಿಸಿದರು. ಹೊರನಾಡಿನ ವಿದ್ವಾಂಸರಿಗೆ ನಮ್ಮ ಹಳೆಯ ಕವಿಗಳ ಪರಿಚಯವಾಗಲು ಇದು ಬಹಳ ನೆರವಾಯಿತು.

ಅವರ ಜೀವಿತದ ಮಹಾಸಾಧನೆಯು ಕನ್ನಡ-ಇಂಗ್ಲಿಷ್ ನಿಘಂಟು. ಪ್ರಾಚೀನ ಕಾವ್ಯಗಳಿಂದಲೂ ಗಾದೆಗಳಿಂದಲೂ ಜನರ ಆಡುಮಾತಿನಿಂದಲೂ ಅವರು ಶಬ್ದಗಳನ್ನು ಆಯ್ದರು. ಹಲವು ಮಂದಿ ಕನ್ನಡ ಪಂಡಿತರು ಈ ಕಾರ್ಯದಲ್ಲಿ ಅವರಿಗೆ ಸಹಾಯಕರಾದರು. ದೃಷ್ಟಿಯು ಮಂದವಾಗುತ್ತ ಬಂದರೂ ಅವರು ಕೆಲಸವನ್ನು ನಿಲ್ಲಿಸಲಿಲ್ಲ. ಸುಮಾರು 70,000 ಶಬ್ದಗಳನ್ನೊಳಗೊಂಡ ಆ ಬೃಹದ್ಗ್ರಂಥವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯಿಂದ ಹೊರಬಂದಿತು. 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ಪದವಿಯನ್ನು ನೀಡಿ ಗೌರವಿಸಿತು. 1903ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗನ್ನಿನಲ್ಲಿ ಅವರು ಕಾಲವಶರಾದರು.

ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. 'ಕಥಾಮಾಲೆ'ಯನ್ನು ಇಂದು ಓದುವವರು ವಿರಳ. ಕಿಟ್ಟೆಲ್ಲರ ನಿಘಂಟು ಮಾತ್ರ ಮತದ ಎಲ್ಲೆಯನ್ನು ದಾಟಿ ಸಮಸ್ತ ಕನ್ನಡಿಗರ ಸೊತ್ತಾಗಿದೆ. ತಮ್ಮ ಧರ್ಮವನ್ನು ಕಲಿಸಲು ಬಂದ ಅವರು ಮೊದಲು ತಾವೇ ಈ ನಾಡಿನ ವಿದ್ಯಾರ್ಥಿಯಾದರು. ಆಜೀವಪರ್ಯಂತ ವಿದ್ಯಾರ್ಥಿಯಾಗಿಯೇ ಉಳಿದರು. ಇನ್ನೊಬ್ಬರ ಹೃದಯವನ್ನು ಮುಟ್ಟಬಯಸುವವನು ಮೊದಲು ಅವರ ನುಡಿಯನ್ನೂ ಹಾಡನ್ನೂ ಗೌರವದಿಂದ ಆಲಿಸಬೇಕೆಂಬುದೇ ಕಿಟ್ಟೆಲ್ಲರ ಜೀವನವು ನಮಗೆ ಕಲಿಸುವ ಪಾಠವಾಗಿದೆ.