ಮಹನೀಯರ ಪರಿಚಯ: ಡಾ. ಒಟ್ಟೊ ವಾರ್ಬರ್ಗ್ (1883–1970)

ಪೀಠಿಕೆ

ವೈದ್ಯಕೀಯ ನೆರವು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಅರ್ಜಿಯೊಡನೆ ಲಗತ್ತಿಸುವ ಪ್ರಯೋಗಾಲಯ ವರದಿಗಳಲ್ಲಿ ಕೆಲವೊಮ್ಮೆ ಎಲ್‌ಡಿಎಚ್ ಎಂಬ ಹೆಸರನ್ನೂ ಅದರ ಮುಂದೆ ಒಂದು ಸಂಖ್ಯೆಯನ್ನೂ ಕಾಣಬಹುದು. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಸಂಕ್ಷಿಪ್ತ ರೂಪವಿದು. ಕಿಣ್ವವೆಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ಚರ್ಮಕ್ಕೆ ಬಣ್ಣ ನೀಡುವ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದಾಗ, ರೋಗದ ತೀವ್ರತೆಯನ್ನು ಅಂದಾಜು ಮಾಡಲು ವೈದ್ಯರು ಈ ಸಂಖ್ಯೆಯನ್ನು ಪರಿಗಣಿಸುತ್ತಾರೆ. ಈ ಪರೀಕ್ಷೆಗೆ ತಳಹದಿ ಹಾಕಿದವರಲ್ಲಿ ಜರ್ಮನಿಯ ಡಾ. ಒಟ್ಟೊ ವಾರ್ಬರ್ಗ್ ಅವರು ಅಗ್ರಗಣ್ಯರು. ಸಾರ್ವಜನಿಕರ ಅವಗಾಹನೆಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಾರ್ಬರ್ಗ್ ಅವರು 1883ರ ಅಕ್ಟೋಬರ್ 8ರಂದು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತವಿಜ್ಞಾನಿಗಳು. ಒಟ್ಟೊ ಅವರು ಬರ್ಲಿನ್‌ನಲ್ಲಿ ಎಮಿಲ್ ಫಿಷರ್ ಅವರ ಬಳಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ 1906ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟಕ್ಕೆ ತೃಪ್ತರಾಗದೆ, 1911ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ವೈದ್ಯಕೀಯ ಪದವಿಯನ್ನೂ ಗಳಿಸಿದರು. ಕ್ಯಾನ್ಸರ್ ರೋಗದ ಕಾರಣವನ್ನು ಕಂಡುಹಿಡಿಯಬೇಕೆಂಬುದು ಅವರ ಜೀವಮಾನದ ಹಂಬಲವಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಅಶ್ವದಳದಲ್ಲಿ ಸೇವೆ ಸಲ್ಲಿಸಿದರು. 1918ರಲ್ಲಿ ತಂದೆಯ ಮಿತ್ರರಾದ ಆಲ್ಬರ್ಟ್ ಐನ್‌ಸ್ಟೈನ್ ಅವರು ಪತ್ರ ಬರೆದು, ಸಂಶೋಧನೆಗೆ ಮರಳುವಂತೆ ಒತ್ತಾಯಿಸಿದರು. ವಾರ್ಬರ್ಗ್ ಅವರು ಬರ್ಲಿನ್‌ನ ಡಾಲೆಮ್ ಪ್ರದೇಶದ ಪ್ರಯೋಗಾಲಯಕ್ಕೆ ಹಿಂದಿರುಗಿದರು.

ಸಂಶೋಧನೆಗಳು

ಅಂಗಾಂಶದ ತೆಳುವಾದ ತುಣುಕುಗಳು ಎಷ್ಟು ಆಮ್ಲಜನಕವನ್ನು ಬಳಸುತ್ತವೆ ಎಂಬುದನ್ನು ಅಳೆಯಲು ಅವರು ಒತ್ತಡಮಾಪಕವೊಂದನ್ನು ಅಭಿವೃದ್ಧಿಪಡಿಸಿದರು. 1920ರ ದಶಕದಲ್ಲಿ ಇದರ ನೆರವಿನಿಂದ ಮಹತ್ವದ ಸಂಗತಿಯೊಂದು ಹೊರಬಿತ್ತು. ಸಾಮಾನ್ಯವಾಗಿ ಜೀವಕೋಶಗಳು ಆಮ್ಲಜನಕದ ಕೊರತೆಯಾದಾಗ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಆದರೆ ಕ್ಯಾನ್ಸರ್ ಗೆಡ್ಡೆಯ ಕೋಶಗಳು ಆಮ್ಲಜನಕ ಧಾರಾಳವಾಗಿದ್ದರೂ ಹೇರಳವಾಗಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತಿದ್ದವು. ಈ ವಿದ್ಯಮಾನಕ್ಕೆ ವಾರ್ಬರ್ಗ್ ಪರಿಣಾಮ ಎಂಬ ಹೆಸರು ಬಂದಿದೆ. ಈ ಪರಿವರ್ತನೆಯ ಕೊನೆಯ ಹಂತವನ್ನು ನಡೆಸುವ ಕಿಣ್ವವೇ ಎಲ್‌ಡಿಎಚ್.

ಜೀವಕೋಶಗಳ ಉಸಿರಾಟದ ಕಿಣ್ವದ ಸ್ವರೂಪ ಮತ್ತು ಕಾರ್ಯವಿಧಾನವನ್ನು ತೋರಿಸಿಕೊಟ್ಟದ್ದಕ್ಕಾಗಿ 1931ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಅನಂತರ ಅವರು ಸಹಕಿಣ್ವಗಳ ಅಧ್ಯಯನ ಕೈಗೊಂಡರು. ಇಂತಹ ಸಹಕಿಣ್ವವೊಂದು ಹೈಡ್ರೋಜನ್ ಪಡೆದಾಗ 340 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಹೀರಿಕೊಳ್ಳುತ್ತದೆ. ಹೈಡ್ರೋಜನ್ ಕಳೆದುಕೊಂಡಾಗ ಹೀರುವುದಿಲ್ಲ. ಆದುದರಿಂದ ಬೆಳಕಿನ ಏರಿಳಿತವನ್ನು ಅಳೆದರೆ ಕಿಣ್ವದ ಕೆಲಸವನ್ನೇ ಅಳೆದಂತಾಗುತ್ತದೆ. ಇಂದಿಗೂ ಆಸ್ಪತ್ರೆಗಳ ಯಂತ್ರಗಳು ಎಲ್‌ಡಿಎಚ್ ಅನ್ನು ಅಳೆಯುವುದು ಈ ತತ್ತ್ವದ ಮೇಲೆಯೇ.

1943ರಲ್ಲಿ ವಾರ್ಬರ್ಗ್ ಮತ್ತು ಅವರ ಸಹೋದ್ಯೋಗಿ ವಾಲ್ಟರ್ ಕ್ರಿಸ್ಟಿಯನ್ ಅವರು, ಗೆಡ್ಡೆ ಬೆಳೆದ ಇಲಿಗಳ ರಕ್ತದ ಸೀರಮ್‌ನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವಗಳಲ್ಲಿ ಒಂದಾದ ಆಲ್ಡೊಲೇಸ್ ಹೆಚ್ಚಾಗಿರುವುದನ್ನು ವರದಿ ಮಾಡಿದರು. ಗೆಡ್ಡೆಯನ್ನು ಮುಟ್ಟದೆ, ರಕ್ತದ ಪ್ರೋಟೀನುಗಳಿಂದಲೇ ಅದರ ಸುಳಿವು ಪಡೆಯುವ ಮಾರ್ಗಕ್ಕೆ ಇದು ಆರಂಭಿಕ ಹೆಜ್ಜೆಗಳಲ್ಲೊಂದು.

ಸಂಕಷ್ಟದ ವರ್ಷಗಳು

ತಂದೆಯ ಕಡೆಯಿಂದ ಯಹೂದಿ ಮೂಲದವರಾಗಿದ್ದರೂ ವಾರ್ಬರ್ಗ್ ಅವರು ನಾಜಿ ಆಡಳಿತದಲ್ಲಿ ಜರ್ಮನಿಯಲ್ಲೇ ಉಳಿದರು. ಅವರ ಶಿಷ್ಯರಾಗಿದ್ದ ಹಾನ್ಸ್ ಕ್ರೆಬ್ಸ್ 1933ರಲ್ಲಿ ಹುದ್ದೆ ಕಳೆದುಕೊಂಡು ಇಂಗ್ಲೆಂಡಿಗೆ ತೆರಳಬೇಕಾಯಿತು. 1941ರಲ್ಲಿ ವಾರ್ಬರ್ಗ್ ಅವರನ್ನೂ ಹುದ್ದೆಯಿಂದ ತೆಗೆಯಲಾಯಿತು; ಕೆಲವೇ ವಾರಗಳಲ್ಲಿ ಕ್ಯಾನ್ಸರ್ ಸಂಶೋಧನೆ ಮುಂದುವರಿಸಲು ಮತ್ತೆ ಅವಕಾಶ ನೀಡಲಾಯಿತು. ವಾಯುದಾಳಿಯ ಕಾರಣ 1943ರಲ್ಲಿ ಸಂಸ್ಥೆಯು ಬರ್ಲಿನ್ ಉತ್ತರದ ಲೀಬೆನ್‌ಬರ್ಗ್‌ಗೆ ಸ್ಥಳಾಂತರಗೊಂಡಿತು. 1945ರಲ್ಲಿ ಸೋವಿಯತ್ ಪಡೆಗಳು ಉಪಕರಣಗಳನ್ನು ಕೊಂಡೊಯ್ದವು. 1950ರಲ್ಲಿ ಡಾಲೆಮ್‌ನಲ್ಲಿ ಕೆಲಸ ಪುನರಾರಂಭವಾಯಿತು.

ಅಳತೆ ಮತ್ತು ತೀರ್ಮಾನ

ಉಸಿರಾಟದ ವ್ಯವಸ್ಥೆಗೆ ಆಗುವ ಹಾನಿಯೇ ಕ್ಯಾನ್ಸರಿನ ಮೂಲ ಕಾರಣವೆಂದು ವಾರ್ಬರ್ಗ್ ಅವರು ಕೊನೆಯವರೆಗೂ ಪ್ರತಿಪಾದಿಸಿದರು. ಆದರೆ ಅನೇಕ ಗೆಡ್ಡೆಗಳಲ್ಲಿ ಉಸಿರಾಟದ ಕ್ರಿಯೆ ಸುಸ್ಥಿತಿಯಲ್ಲಿಯೇ ಇರುವುದನ್ನು ಇತರ ವಿಜ್ಞಾನಿಗಳು 1950ರ ದಶಕದಲ್ಲಿಯೇ ತೋರಿಸಿದರು. ವಂಶವಾಹಿಗಳಲ್ಲಿ ಆಗುವ ಬದಲಾವಣೆಗಳ ಪಾತ್ರವೂ ಮುಂದೆ ಖಚಿತವಾಯಿತು. ಅವರ ಅಳತೆಗಳು ಉಳಿದವು, ತೀರ್ಮಾನ ಉಳಿಯಲಿಲ್ಲ. 1970ರ ಆಗಸ್ಟ್ 1ರಂದು ಅವರು ಬರ್ಲಿನ್‌ನಲ್ಲಿ ನಿಧನರಾದರು.

ಅವರ ಕಾಲಾನಂತರ, ಕ್ಯಾನ್ಸರ್ ಕುರಿತ ಅಮೆರಿಕದ ಜಂಟಿ ಸಮಿತಿಯು 2002ರಲ್ಲಿ ಪ್ರಕಟಿಸಿದ ಮೆಲನೋಮ ಹಂತ ನಿರ್ಧಾರದ ಕ್ರಮದಲ್ಲಿ ರಕ್ತದ ಎಲ್‌ಡಿಎಚ್ ಮಟ್ಟವನ್ನು ಸೇರಿಸಿತು. 2018ರಿಂದ ಅಲ್ಲಿ ಜಾರಿಗೆ ಬಂದ ಎಂಟನೆಯ ಆವೃತ್ತಿಯಲ್ಲಿಯೂ ಅದನ್ನು ಉಳಿಸಿಕೊಳ್ಳಲಾಗಿದೆ. ಎಸ್100ಬಿ ಎಂಬ ಮತ್ತೊಂದು ಪ್ರೋಟೀನನ್ನು ಯುರೋಪಿನ ಕೆಲವು ದೇಶಗಳಲ್ಲಿ ರೋಗಿಗಳ ಅನುಸರಣಾ ತಪಾಸಣೆಗೆ ಬಳಸಲಾಗುತ್ತಿದೆ. ರೋಗ ಹರಡುವುದನ್ನು ಮುಂಚಿತವಾಗಿ ತಿಳಿಸಬಲ್ಲ ಇನ್ನಷ್ಟು ನಂಬಲರ್ಹ ರಕ್ತ ಪ್ರೋಟೀನುಗಳಿಗಾಗಿ ಹುಡುಕಾಟ ಮುಂದುವರಿದಿದೆ.

ನಾಗರಿಕರ ಗಮನಕ್ಕೆ

1. ಎಲ್‌ಡಿಎಚ್ ಹೆಚ್ಚಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಭಾವಿಸತಕ್ಕದ್ದಲ್ಲ. ಯಕೃತ್ತು, ಹೃದಯ ಅಥವಾ ಸ್ನಾಯುಗಳಿಗೆ ಹಾನಿಯಾದಾಗಲೂ, ಕೆಂಪು ರಕ್ತಕಣಗಳು ಒಡೆದಾಗಲೂ ಇದು ಹೆಚ್ಚುತ್ತದೆ.

2. ಎಲ್‌ಡಿಎಚ್ ಸಹಜ ಮಟ್ಟದಲ್ಲಿದ್ದ ಮಾತ್ರಕ್ಕೆ ಮೆಲನೋಮ ಇಲ್ಲವೆಂದೂ ಹೇಳಲಾಗದು. ಆರಂಭದ ಹಂತದಲ್ಲಿ ಈ ಪರೀಕ್ಷೆಯಿಂದ ರೋಗ ಪತ್ತೆಯಾಗುವುದಿಲ್ಲ.

3. ಆಕಾರ, ಬಣ್ಣ ಅಥವಾ ಗಾತ್ರ ಬದಲಾಗುತ್ತಿರುವ ಮಚ್ಚೆ ಕಂಡುಬಂದಲ್ಲಿ ವಿಳಂಬವಿಲ್ಲದೆ ವೈದ್ಯರಿಗೆ ತೋರಿಸುವುದು. ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಈ ರೋಗ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ಆ ಭಾಗಗಳನ್ನೂ ಗಮನಿಸತಕ್ಕದ್ದು.

ವರದಿಯಲ್ಲಿನ ಸಂಖ್ಯೆ ಒಂದು ಅಳತೆ ಮಾತ್ರ. ಅದರಿಂದ ತೀರ್ಮಾನಕ್ಕೆ ಬರುವ ಕಾರ್ಯವನ್ನು, ರೋಗಿಯನ್ನು ಖುದ್ದಾಗಿ ಪರೀಕ್ಷಿಸಿದ ವೈದ್ಯರಿಗೆ ಬಿಡುವುದು ಕ್ಷೇಮಕರ. ಅಳತೆಯಲ್ಲಿ ನಿಪುಣರಾದ ನೊಬೆಲ್ ಪುರಸ್ಕೃತರೂ ತೀರ್ಮಾನದಲ್ಲಿ ಎಡವಿದ್ದುಂಟು ಎಂಬುದನ್ನು ವಾರ್ಬರ್ಗ್ ಅವರ ಜೀವನ ತಿಳಿಸುತ್ತದೆ.